ಹೂವು ಉದುರಿದ ಮೇಲೆ: ಬಂದಳಿಕೆ, ವಂದಾ ಮತ್ತು ನಮ್ಮ ಮನೆಯ ಒಂದು ಕುಂಡ

ಭಾಲ್ಕಿಯಲ್ಲಿ ಶಿಕ್ಷಕಿಯಾಗಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಳೆದ ತಿಂಗಳು ದೂರವಾಣಿ ಮಾಡಿ ಕೇಳಿದಳು: "ಸರ್, ನೀವು ಕೊಟ್ಟ ಆರ್ಕಿಡ್‌ದು ಹೂವೆಲ್ಲ ಉದುರಿ ಹೋಗ್ಯಾವ್ರಿ. ಬರೇ ಕೋಲು ಉಳದಾವ. ಕಿತ್ತು ಒಗೀಲೇನ್ರಿ?" ಒಗೆಯಬೇಡವೆಂದು ಹೇಳಿ, ಮುಂದೇನು ಮಾಡಬೇಕೆಂಬುದನ್ನು ನಾಲ್ಕು ಮಾತಿನಲ್ಲಿ ತಿಳಿಸಿ ಫೋನು ಇಟ್ಟೆ. ಆದರೆ ಆ ನಾಲ್ಕು ಮಾತುಗಳ ಹಿಂದೆ ಇನ್ನೂರು ವರ್ಷಗಳಿಗೂ ಮಿಕ್ಕಿದ ಇತಿಹಾಸವಿದೆ. ಅದರೊಳಗೆ ನಮ್ಮ ಔರಾದ ಸೀಮೆಯ ಮಾವಿನ ಮರಗಳೂ, ಕಲಕತ್ತೆಯ ಒಬ್ಬ ನ್ಯಾಯಾಧೀಶನೂ, ನನ್ನ ಮನೆಯ ಅಂಗಳದ ಒಂದು ಒಡಕು ಕುಂಡವೂ ಬರುತ್ತವೆ. ನಲವತ್ತು ನಿಮಿಷದ ಅವಧಿಯಲ್ಲಿ ಪಾಠವನ್ನು ಎಂದೂ ಮುಗಿಸದ ಮಾಸ್ತರ ನಾನು. ನನ್ನ ಕೈಯಲ್ಲಿ ಕಲಿತವರಿಗೆ ಇದು ಗೊತ್ತೇ ಇದೆ. ಆದ್ದರಿಂದ ಉಳಿದ ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಬಾಲ್ಯ ಕಳೆದದ್ದು ಮಂಜ್ರಾ ನದಿಯ ಆಚೆಗೆ, ಔರಾದ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ನಮ್ಮ ಹೊಲದ ಬಾವಿಯ ಮಗ್ಗುಲಲ್ಲಿ ಒಂದು ಹಳೆಯ ಮಾವಿನ ಮರವಿತ್ತು. ಅದರ ಕವಲುಗಳಲ್ಲಿ ಎರಡು ಬಗೆಯ ಪರಕೀಯ ಸಸ್ಯಗಳು ನೆಲೆಸಿದ್ದವು. ಒಂದಕ್ಕೆ ದಪ್ಪ ಅಗಲ ಎಲೆ, ಕೆಂಪು ಬಣ್ಣದ ಕೊಳವೆಯಂಥ ಹೂವು; ಅದು ಹಬ್ಬಿದ ಕೊಂಬೆ ಮೂರು ನಾಲ್ಕು ವರ್ಷಗಳಲ್ಲಿ ಒಣಗಿ ಹೋಗುತ್ತಿತ್ತು. ಇನ್ನೊಂದಕ್ಕೆ ನಡುವೆ ಮಡಿಚಿದಂಥ ಕಿರಿದಾದ ಗಟ್ಟಿ ಎಲೆಗಳು, ಕಾಂಡದಿಂದ ಹೊರಟು ಗಾಳಿಯಲ್ಲಿ ಜೋತಾಡುವ ಬೆಳ್ಳನೆಯ ಬೇರುಗಳು. ಬೇಸಿಗೆ ಮುಗಿಯುವ ಹೊತ್ತಿಗೆ ಅದರಲ್ಲಿ ಐದಾರು ಹೂಗಳ ಒಂದು ಗೊಂಚಲು ಅರಳುತ್ತಿತ್ತು: ಹಳದಿ ಮಿಶ್ರಿತ ಹಸಿರು ಎಸಳುಗಳ ಮೇಲೆ ಕಂದು ಬಣ್ಣದ ಜಾಲಿಯಂಥ ಗೆರೆಗಳು, ನಡುವೆ ನೇರಳೆಯ ತುಟಿ, ಹತ್ತಿರ ಹೋದರೆ ಮಂದವಾದ ಪರಿಮಳ. ಊರಿನವರು ಎರಡನ್ನೂ ಬಂದಳಿಕೆ ಎಂದೇ ಕರೆಯುತ್ತಿದ್ದರು. ಮರಾಠಿ ಮಾತನಾಡುವ ಮನೆಗಳಲ್ಲಿ ಎರಡೂ ಬಾಂಡಗೂಳವೇ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಆಳು ಕುಡುಗೋಲು ಹಿಡಿದು ಮರ ಹತ್ತಿ ಎರಡನ್ನೂ ಕಿತ್ತು ಕೆಡವುತ್ತಿದ್ದ. "ಗಿಡಾ ತಿನ್ಲತ್ತದ, ಬಿಡಬ್ಯಾಡ" ಎಂದು ಕೆಳಗಿನಿಂದ ತಂದೆಯವರ ಆಜ್ಞೆ.

ಎರಡನೆಯ ಸಸ್ಯ ಮರವನ್ನು ತಿನ್ನುತ್ತಿರಲಿಲ್ಲ. ಇದು ನಮ್ಮ ತಾಯಿಗೆ ತಿಳಿದಿತ್ತು. ಅವರ ತೌರು ಉದಗೀರ, ತಂದೆ ನಾಡವೈದ್ಯರು. ಸಂಧಿವಾತಕ್ಕೆ ಕಾಯಿಸುವ ಎಣ್ಣೆಗೆ ಅವರು ಈ ಗಿಡದ ಬೇರನ್ನು ರಾಸ್ನಾ ಎಂದು ಬಳಸುತ್ತಿದ್ದರಂತೆ. ಹಾಗಾಗಿ ಅವ್ವ ಒಂದು ಕೊಂಬೆಯನ್ನು ಮಾತ್ರ ಮುಟ್ಟಗೊಡುತ್ತಿರಲಿಲ್ಲ. (ರಾಸ್ನೆಯೆಂದರೆ ಯಾವ ಗಿಡವೆಂಬ ಬಗ್ಗೆ ಆಯುರ್ವೇದದವರಲ್ಲಿಯೇ ಒಮ್ಮತವಿಲ್ಲ. ಉತ್ತರದವರದು ಬೇರೊಂದು ಪೊದೆ, ದಕ್ಷಿಣದಲ್ಲಿ ಹೆಚ್ಚಾಗಿ ಶುಂಠಿಯ ಜಾತಿಯ ದುಂಪರಾಸ್ಮೆ, ಬಂಗಾಲದವರದು ಈ ಮರದ ಮೇಲಿನ ಗಿಡ. ಉದಗೀರದ ನನ್ನ ಅಜ್ಜನಿಗೆ ಬಂಗಾಲದ ಪದ್ಧತಿ ಹೇಗೆ ಬಂತೋ!)

ಈ ಗೊಂದಲ ನಮ್ಮ ಹಳ್ಳಿಯವರದು ಮಾತ್ರವೆಂದು ಬಹಳ ಕಾಲ ತಿಳಿದಿದ್ದೆ. ಮುಂದೆ ಅಮರಕೋಶದ ವನೌಷಧಿವರ್ಗವನ್ನು ಓದುವಾಗ ಬೆರಗಾಯಿತು. ಅಲ್ಲಿ ವಂದಾ ಎಂಬ ಶಬ್ದಕ್ಕೆ ಕೊಟ್ಟಿರುವ ಪರ್ಯಾಯಗಳಲ್ಲಿ ವೃಕ್ಷಾದನೀ, ವೃಕ್ಷರುಹಾ ಎಂಬ ಎರಡು ಹೆಸರುಗಳಿವೆ. ಮೊದಲನೆಯದರ ಅರ್ಥ ಮರವನ್ನು ತಿನ್ನುವಂಥದ್ದು. ಎರಡನೆಯದರ ಅರ್ಥ ಮರದ ಮೇಲೆ ಬೆಳೆಯುವಂಥದ್ದು. ತಿನ್ನುವುದೂ ಬೆಳೆಯುವುದೂ ಒಂದೇ ಅಲ್ಲವಷ್ಟೆ. ಕಳ್ಳನೂ ಬಾಡಿಗೆದಾರನೂ ಒಂದೇ ಮನೆಯಲ್ಲಿ ಸಿಕ್ಕಿದರೆಂದು ಇಬ್ಬರಿಗೂ ಒಂದೇ ಶಿಕ್ಷೆ ಕೊಟ್ಟಂತಾಯಿತು. ನಿಜವಾದ ಬಂದಳಿಕೆಯ ಅಂಟುಬೀಜವನ್ನು ಬೆರಳುದ್ದದ ಒಂದು ಹಕ್ಕಿ ಕೊಂಬೆಯ ಮೇಲೆ ಒರೆಸಿ ಹೋಗುತ್ತದೆ. ಮೊಳೆತ ಬೇರು ತೊಗಟೆಯನ್ನು ಭೇದಿಸಿ ಮರದ ರಸವನ್ನು ಹೀರುತ್ತದೆ. ಆರ್ಕಿಡ್‌ನ ಬೇರು ತೊಗಟೆಯನ್ನು ತಬ್ಬುತ್ತದೆಯೇ ಹೊರತು ಒಳಗೆ ಹೊಗುವುದಿಲ್ಲ. ಬೇರಿನ ಮೇಲಿನ ಬೆಳ್ಳನೆಯ ಸ್ಪಂಜಿನಂಥ ಹೊದಿಕೆ ಮಳೆಯ ನೀರನ್ನೂ ಇಬ್ಬನಿಯನ್ನೂ ಹಿಡಿದಿಡುತ್ತದೆ; ನೀರು ಬಿದ್ದ ಕೂಡಲೆ ಆ ಬಿಳುಪು ಹಸಿರಿಗೆ ತಿರುಗುವುದನ್ನು ಯಾರು ಬೇಕಾದರೂ ಕಣ್ಣಾರೆ ನೋಡಬಹುದು. ಊಟ ಅದರದು, ಜಾಗ ಮಾತ್ರ ಮರದ್ದು.

ಈಗ ಕಲಕತ್ತೆಯ ನ್ಯಾಯಾಧೀಶರ ಕಥೆ. ಸರ್ ವಿಲಿಯಂ ಜೋನ್ಸ್ ಎಂದರೆ 1784ರಲ್ಲಿ ಏಷ್ಯಾಟಿಕ್ ಸೊಸೈಟಿಯನ್ನು ಸ್ಥಾಪಿಸಿದವರು, ಶಾಕುಂತಲವನ್ನು ಇಂಗ್ಲಿಷಿಗೆ ತಂದವರು. ಒಂಬತ್ತನೆಯ ತರಗತಿಯಲ್ಲಿ ನಾನು ಇದನ್ನೇ ಹೇಳುತ್ತಿದ್ದೆ. ಅವರಿಗೆ ಸಸ್ಯಗಳ ಹುಚ್ಚೂ ಇತ್ತೆಂಬುದನ್ನು ಆಗ ಹೇಳಿರಲಿಲ್ಲ. ಈ ದೇಶದ ಗಿಡಗಳಿಗೆ ಈ ದೇಶದ ಹೆಸರುಗಳೇ ಇರಬೇಕೆಂಬುದು ಅವರ ನಿಲುವು. ಅವರು ತೀರಿಕೊಂಡ ಮರುವರ್ಷ, 1795ರಲ್ಲಿ, ಸೊಸೈಟಿಯ ಸಂಪುಟದಲ್ಲಿ ಪ್ರಕಟವಾದ ಅವರ ಸಸ್ಯ ಟಿಪ್ಪಣಿಗಳಲ್ಲಿ ವಂದಾ ಎಂಬ ಸಂಸ್ಕೃತದ ಹೆಸರಿನಿಂದಲೇ ಒಂದು ಆರ್ಕಿಡ್‌ನ ವರ್ಣನೆ ಬಂತು. ಅದೇ 1795ರಲ್ಲಿ ವಿಲಿಯಂ ರಾಕ್ಸ್‌ಬರ್ಗ್ ಎಂಬ ವೈದ್ಯ ತಮ್ಮ ಕೋರಮಂಡಲ ಕರಾವಳಿಯ ಸಸ್ಯಗಳ ಗ್ರಂಥದಲ್ಲಿ, ನಮ್ಮ ಮಾವಿನ ಮರದ ಮೇಲಿದ್ದ ಈ ಜಾತಿಯನ್ನೇ ಚಿತ್ರಸಹಿತ ವರ್ಣಿಸಿದರು. ಎಸಳಿನ ಮೇಲಿನ ಚೌಕಳಿಯನ್ನು ನೋಡಿ ಅವರು ಇಟ್ಟ ಹೆಸರು ಟೆಸೆಲೇಟಂ. 1820ರಲ್ಲಿ ರಾಬರ್ಟ್ ಬ್ರೌನ್ ವಂದಾ ಕುಲಕ್ಕೆ ವಿಧಿವತ್ತಾಗಿ ಮಾನ್ಯತೆ ಕೊಟ್ಟರು. ಹೀಗೆ ವಂದಾ ಟೆಸೆಲೇಟಾ ಎಂಬ ಇಂದಿನ ಹೆಸರು ಸಿದ್ಧವಾಯಿತು. ಜಗತ್ತಿನ ಯಾವ ಮೂಲೆಯ ಆರ್ಕಿಡ್ ಅಂಗಡಿಗೆ ಹೋದರೂ ಇಂದು ವಂದಾ ಎಂದೇ ಕೇಳುತ್ತಾರೆ. ನಮ್ಮ ಆಳು ಕುಡುಗೋಲಿನಿಂದ ಕೆಡವುತ್ತಿದ್ದ ಗಿಡದ ಹೆಸರು ಅದು!

ಮಲೆನಾಡಿನವರ ಅದೃಷ್ಟ ಬೇರೆ. ಅಲ್ಲಿ ಸೀತಾಳೆ ದಂಡೆ, ದ್ರೌಪದಿ ದಂಡೆ ಎಂದು ಆರ್ಕಿಡ್‌ಗಳಿಗೆ ಅಕ್ಕರೆಯ ಹೆಸರುಗಳಿವೆ, ಹೆಣ್ಣುಮಕ್ಕಳು ಮುಡಿಯುತ್ತಾರೆ. ವರ್ಷಕ್ಕೆ ಸುಮಾರು 850 ಮಿಲಿಮೀಟರ್ ಮಳೆ ಬೀಳುವ, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ ಬದುಕಿ ತೋರಿಸಿದ ಗಿಡಕ್ಕೆ ಸಿಕ್ಕ ಹೆಸರು ಮಾತ್ರ ಬಂದಳಿಕೆ.

ಆರ್ಕಿಡ್‌ನ ಇನ್ನೊಂದು ರೂಪ ನಮ್ಮ ಕಡೆಯ ಅತ್ತಾರರ ಅಂಗಡಿಗಳಲ್ಲಿ ಡಬ್ಬಿಯೊಳಗೆ ಇರುತ್ತಿತ್ತು. ಯುನಾನಿ ಹಕೀಮರು ಬರೆದುಕೊಡುತ್ತಿದ್ದ ಸಾಲಬ್ ಮಿಸ್ರಿ ಎಂಬ ಗಟ್ಟಿಯಾದ ಸಣ್ಣ ಗೆಡ್ಡೆಗಳು ನೆಲದಲ್ಲಿ ಬೆಳೆಯುವ ಆರ್ಕಿಡ್‌ಗಳವು. ತುರ್ಕಿಯಲ್ಲಿ ಇದರ ಹಿಟ್ಟನ್ನು ಹಾಲಿನಲ್ಲಿ ಕುದಿಸಿ ಚಳಿಗಾಲದಲ್ಲಿ ಕುಡಿಯುತ್ತಾರೆ. ಈ ಗಿಡಗಳ ಬುಡದಲ್ಲಿ ಸಾಮಾನ್ಯವಾಗಿ ಎರಡು ಗೆಡ್ಡೆಗಳಿರುತ್ತವೆ: ಒಂದು ಹೋದ ವರ್ಷದ್ದು, ಸೊರಗುತ್ತಿರುವುದು, ಇನ್ನೊಂದು ಬರುವ ವರ್ಷಕ್ಕಾಗಿ ತುಂಬಿಕೊಳ್ಳುತ್ತಿರುವುದು. ಗ್ರೀಕರು ಆರ್ಕಿಸ್ ಎಂದು ಹೆಸರಿಟ್ಟದ್ದು ಈ ಜೋಡಿ ಗೆಡ್ಡೆಯ ಆಕಾರವನ್ನು ನೋಡಿ. ಆ ಶಬ್ದದ ಅರ್ಥವನ್ನು ತರಗತಿಯಲ್ಲಿ ಹೇಳುವಂತಿರಲಿಲ್ಲ, ಇಲ್ಲಿಯೂ ಬೇಡ, ನಿಘಂಟು ಇದೆ.

ಇನ್ನು ಸಾಕುವವರ ಇತಿಹಾಸ. ಇದು ಬಹುಮಟ್ಟಿಗೆ ಕೊಂದವರ ಇತಿಹಾಸವೂ ಹೌದು. ಇಂಗ್ಲೆಂಡಿನ ಶ್ರೀಮಂತರಿಗೆ ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಆರ್ಕಿಡ್ ಹುಚ್ಚು ಹಿಡಿಯಿತು. ಹಡಗುಗಳಲ್ಲಿ ಸಾವಿರಾರು ಗಿಡಗಳು ಬಂದವು. ಉಷ್ಣದೇಶದ ಗಿಡಗಳಲ್ಲವೇ, ಬಿಸಿಯಾಗಿಡಬೇಕು ಎಂದು ಗಾಜಿನ ಮನೆಗಳನ್ನು ಮುಚ್ಚಿ, ಒಲೆ ಉರಿಸಿ, ಹಬೆ ತುಂಬಿಸಿದರು. ಜಾನ್ ಲಿಂಡ್ಲಿಯಂಥ ಮಹಾ ಪಂಡಿತರೇ 1830ರಲ್ಲಿ ಬಿಸಿ, ನೆರಳು, ತೇವ ಇವೇ ಮುಖ್ಯವೆಂದು ಉಪದೇಶಿಸಿದ್ದರು. ಗಿಡಗಳು ಕೊಳೆತು ಸತ್ತವು. ಇಂಗ್ಲೆಂಡು ಉಷ್ಣವಲಯದ ಆರ್ಕಿಡ್‌ಗಳ ಸ್ಮಶಾನವೆಂಬ ಮಾತು ಆ ದೇಶದಲ್ಲಿಯೇ ಹುಟ್ಟಿಕೊಂಡಿತು. ಕಿಟಕಿ ತೆರೆದು ಗಾಳಿ ಬಿಟ್ಟವನು ಜೋಸೆಫ್ ಪ್ಯಾಕ್ಸ್‌ಟನ್. ಚಾಟ್ಸ್‌ವರ್ತ್‌ನಲ್ಲಿ ಡೆವನ್‌ಶೈರ್ ಡ್ಯೂಕನ ತೋಟದ ಮುಖ್ಯಸ್ಥ, ಮುಂದೆ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸನ್ನು ವಿನ್ಯಾಸಗೊಳಿಸಿದಾತ. ಅದೇ ಡ್ಯೂಕನು ಜಾನ್ ಗಿಬ್ಸನ್ ಎಂಬ ಯುವ ತೋಟಗಾರನನ್ನು 1835ರಲ್ಲಿ ಭಾರತಕ್ಕೆ ಕಳಿಸಿದ್ದ. ಆತ ಖಾಸಿ ಬೆಟ್ಟಗಳಿಂದ ಹೊತ್ತು 1837ರಲ್ಲಿ ಮರಳಿದ ಡೆಂಡ್ರೋಬಿಯಂಗಳಲ್ಲಿ ಒಂದಕ್ಕೆ ಡ್ಯೂಕನ ಹೆಸರು, ಇನ್ನೊಂದಕ್ಕೆ ಗಿಬ್ಸನ್ನನದೇ ಹೆಸರು ಬಿತ್ತು.

ಜೋಸೆಫ್ ಹೂಕರ್ ತಮ್ಮ ಹಿಮಾಲಯ ಪ್ರವಾಸದ ಗ್ರಂಥದಲ್ಲಿ (1854) ನೀಲಿ ವಂದಾದ ಬಗ್ಗೆ ಬರೆದದ್ದನ್ನು ಓದಿದಾಗ ನನಗೆ ನಿದ್ದೆ ಬರಲಿಲ್ಲ. ಖಾಸಿ ಬೆಟ್ಟದ ಒಂದೇ ತೋಪಿನಿಂದ ಏಳು ಜನ ಹೊರುವಷ್ಟು ಗಿಡಗಳನ್ನು ಅವರು ಕ್ಯೂ ಉದ್ಯಾನಕ್ಕಾಗಿ ಕೀಳಿಸಿದರು. ಇಂಗ್ಲೆಂಡಿಗೆ ಜೀವಸಹಿತ ಮುಟ್ಟಿದವು ಕೆಲವೇ ಕೆಲವು. ಅದೇ ಜಾಗಕ್ಕೆ ಇನ್ನೊಬ್ಬ ಮಹನೀಯ ತನ್ನ ತೋಟಗಾರನನ್ನು ಕಳಿಸಿ ಒಬ್ಬ ಮನುಷ್ಯ ಹೊರುವಷ್ಟು ತರಿಸಿದ. ಅವು ಬದುಕಿ 300 ಪೌಂಡಿಗೆ ಮಾರಾಟವಾದವು. ಈ ನೀಲಿ ವಂದಾಕ್ಕೆ ನಮ್ಮ ದೇಶದಲ್ಲಿ ಕಾನೂನಿನ ರಕ್ಷಣೆ ಬಂದದ್ದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1991ರ ತಿದ್ದುಪಡಿಯಿಂದ. ನಡುವಿನ ಅಂತರವನ್ನು ನೀವೇ ಲೆಕ್ಕ ಹಾಕಿರಿ.

ಇಷ್ಟೊಂದು ಬೆಲೆ ಏಕೆಂಬುದನ್ನು ತಿಳಿದರೆ ವಿಭಜನೆಯ ಮಹತ್ವ ತಿಳಿಯುತ್ತದೆ. ಆರ್ಕಿಡ್‌ನ ಬೀಜ ಧೂಳಿನಂಥದ್ದು. ಅದರೊಳಗೆ ಮೊಳಕೆಗೆ ಬೇಕಾದ ಆಹಾರದ ಸಂಗ್ರಹವೇ ಇಲ್ಲ. ಎಷ್ಟು ಬಿತ್ತಿದರೂ ಹುಟ್ಟುವುದು ಅಪರೂಪವಾಗಿತ್ತು. ಒಂದು ಜಾತಿಯ ಶಿಲೀಂಧ್ರ ಅದರೊಳಗೆ ಹೊಕ್ಕು ಉಣಿಸಿದರಷ್ಟೇ ಕಾಡಿನಲ್ಲಿ ಅದು ಮೊಳೆಯುತ್ತದೆಂಬ ಗುಟ್ಟನ್ನು ಫ್ರಾನ್ಸಿನ ನೋಯೆಲ್ ಬರ್ನಾರ್ 1899ರಲ್ಲಿ ಕಂಡುಹಿಡಿದ. ಶಿಲೀಂಧ್ರದ ಬದಲು ಸಕ್ಕರೆ ಬೆರೆಸಿದ ಮಾಧ್ಯಮದಲ್ಲಿ ಬೀಜ ಮೊಳೆಯಿಸುವ ವಿಧಾನವನ್ನು ಅಮೆರಿಕದ ಲೂಯಿಸ್ ನಡ್ಸನ್ 1922ರಲ್ಲಿ ಪ್ರಕಟಿಸಿದ. 1960ರಲ್ಲಿ ಜಾರ್ಜ್ ಮೊರೆಲ್ ಚಿಗುರಿನ ತುದಿಯ ಅಂಗಾಂಶದಿಂದಲೇ ಗಿಡಗಳನ್ನು ಬೆಳೆಸಿ ತೋರಿಸಿದ. ಇಂದು ಊರೂರಿನ ನರ್ಸರಿಗಳಲ್ಲಿ ಆರ್ಕಿಡ್ ಸಿಗುತ್ತಿರುವುದು ಈ ಮೂವರ ಕೃಪೆ. ಅದಕ್ಕೆ ಮುಂಚೆ ಒಂದನ್ನು ಎರಡು ಮಾಡುವ ಮುಖ್ಯ ದಾರಿಯೆಂದರೆ ಚಾಕುವಿನಿಂದ ಕೊಯ್ದು ಪಾಲು ಮಾಡುವುದು. ಆದ್ದರಿಂದಲೇ ಹೂವು ಉದುರಿದ ಮೇಲೆ ಗಿಡವನ್ನು ಹೇಗೆ ನೋಡಿಕೊಳ್ಳಬೇಕು, ಯಾವಾಗ ಕೊಯ್ಯಬೇಕು, ಎಷ್ಟು ಕೋಲುಗಳನ್ನು ಒಟ್ಟಿಗೆ ಬಿಡಬೇಕು ಎಂಬ ವಿದ್ಯೆ ಬೆಳೆಯಿತು.

ಆದರೆ ಎಲ್ಲ ಆರ್ಕಿಡ್‌ಗಳನ್ನೂ ಒಂದೇ ರೀತಿ ಪಾಲು ಮಾಡಲಾಗದು. ಶುಂಠಿಯ ಹಾಗೆ ಅಡ್ಡಕ್ಕೆ ಹಬ್ಬುತ್ತ, ವರ್ಷ ವರ್ಷ ಹೊಸ ಕೋಲನ್ನು ಎಬ್ಬಿಸುವವು ಕೆಲವು. ಡೆಂಡ್ರೋಬಿಯಂ ಈ ಗುಂಪಿಗೆ ಸೇರಿದ್ದು. ನಮ್ಮ ಜಿಲ್ಲೆಯ ಶುಂಠಿ ರೈತರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಕಣ್ಣಿರುವ ತುಂಡು ಬೇರೆ, ಕಣ್ಣಿಲ್ಲದ ತುಂಡು ಬೇರೆ ಎಂಬುದನ್ನು ಅವರು ನೋಡಿದ ಕೂಡಲೆ ಹೇಳಬಲ್ಲರು. ವಂದಾ ಹಾಗಲ್ಲ. ಅದಕ್ಕೆ ಇರುವುದು ಒಂದೇ ಕಾಂಡ, ಅದು ತುದಿಯಲ್ಲಿ ನೆಟ್ಟಗೆ ಬೆಳೆಯುತ್ತಲೇ ಹೋಗುತ್ತದೆ. ಕೊಯ್ಯುವುದಾದರೆ ಮೇಲಿನ ಭಾಗದಲ್ಲಿ ಎರಡು ಮೂರು ಒಳ್ಳೆಯ ಬೇರುಗಳು ಬಂದ ಮೇಲೆ ಅವುಗಳ ಕೆಳಗೆ ಕೊಯ್ಯಬೇಕು. ಸಿಂಗಪುರದ ರಾಷ್ಟ್ರಪುಷ್ಪವಾದ ವಂದಾ ಮಿಸ್ ಜೋಕಿಮ್ 1893ರಲ್ಲಿ ಆಗ್ನೆಸ್ ಜೋಕಿಮ್ ಎಂಬ ಮಹಿಳೆಯ ತೋಟದ ಗಿಡವೆಂದು ಬೆಳಕಿಗೆ ಬಂತು. ಅದು ಲೋಕವೆಲ್ಲ ಹಬ್ಬಿದ್ದು ಹೀಗೆ ಕೊಯ್ದ ತುಂಡುಗಳಿಂದಲೇ.

ಇದೇ ಕೆಲಸವನ್ನು ನಾನು ಪುಸ್ತಕ ಓದದೆಯೇ 1972ರಲ್ಲಿ ಮಾಡಿದ್ದೆ. ಆ ವರ್ಷದ ಬರವನ್ನು ಕಂಡವರು ಮರೆಯುವಂತಿಲ್ಲ. ಬಾವಿ ಬತ್ತಿತು. ದೇವಣಿ ಎತ್ತುಗಳಿಗೆ ಮೇವಿಲ್ಲದೆ ಮಾವಿನ ಸೊಪ್ಪನ್ನೇ ಕೊಯ್ದು ಹಾಕಿದೆವು, ಕೊನೆಗೆ ಮರವನ್ನೂ ಸೌದೆಗೆ ಮಾರಿದೆವು. ಕಡಿಯುವ ಹಿಂದಿನ ದಿನ ಅವ್ವ ನನ್ನನ್ನು ಕರೆದು, "ತಮ್ಮಾ, ಅದಿಷ್ಟು ಇಳಿಸಿ ಕೊಡು" ಎಂದರು. ಮಳೆಯಿಲ್ಲದ ಆ ವರ್ಷದಲ್ಲಿಯೂ ಗಿಡದ ಎಲೆ ಸುಕ್ಕುಗಟ್ಟಿತ್ತೇ ಹೊರತು ಸತ್ತಿರಲಿಲ್ಲ. ಬೇರು ಸಮೇತ ಮೇಲಿನ ತುಂಡನ್ನು ಕೊಯ್ದು ತಂದು, ಗೋಣಿಯ ದಾರದಿಂದ ಬೀದರಿನ ನಮ್ಮ ಬಾಡಿಗೆ ಮನೆಯ ಮುಂದಿನ ಬೇವಿಗೆ ಕಟ್ಟಿದೆ. ಎರಡನೆಯ ವರ್ಷ ಹೂ ಬಿಟ್ಟಿತು. ಆ ಹೂವನ್ನು ನೋಡಲು ಉದಗೀರದಿಂದ ಸೋದರಮಾವ ಬಂದಿದ್ದರು.

ಅವರು ಬಂದದ್ದು ಬೇರೆ ರಾಜ್ಯದಿಂದ. ಇಲ್ಲಿ ಇತಿಹಾಸದ ಮಾಸ್ತರನ ಚಪಲಕ್ಕೆ ಒಂದು ಪ್ಯಾರಾ ಬಿಟ್ಟುಕೊಡಿರಿ. ನಾನು ಹುಟ್ಟಿದಾಗ ಬೀದರ ಜಿಲ್ಲೆ ಹೈದರಾಬಾದ ರಾಜ್ಯದ ಒಂದು ದೊಡ್ಡ ಜಿಲ್ಲೆ. 1956ರ ನವೆಂಬರ್ 1ರಂದು ಅದನ್ನು ಮೂರು ಪಾಲು ಮಾಡಿದರು. ಉದಗೀರ, ಅಹಮದಪುರ, ನಿಲಂಗಾ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು; 1960ರಿಂದ ಅವು ಮಹಾರಾಷ್ಟ್ರದಲ್ಲಿವೆ, 1982ರಿಂದ ಲಾತೂರ ಜಿಲ್ಲೆಯಲ್ಲಿವೆ. ನಾರಾಯಣಖೇಡ ತಾಲ್ಲೂಕು, ನಿರ್ಣಾ ಸರ್ಕಲ್ಲನ್ನು ಬಿಟ್ಟು ಜಹೀರಾಬಾದ ತಾಲ್ಲೂಕು, ಬೀದರ ತಾಲ್ಲೂಕಿನ ನ್ಯಾಲಕಲ್ ಸರ್ಕಲ್ ಇವು ಆಂಧ್ರಕ್ಕೆ, ಈಗ ತೆಲಂಗಾಣಕ್ಕೆ. ಬೀದರ, ಭಾಲ್ಕಿ, ಔರಾದ, ಹುಮನಾಬಾದ ಮೈಸೂರು ರಾಜ್ಯಕ್ಕೆ ಬಂದವು. ಭಾಷೆಯ ನ್ಯಾಯದಿಂದ ನೋಡಿದರೆ ಅದು ಸರಿಯಾದ ಕೆಲಸವೇ. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಭಾಲ್ಕಿಯ ಚನ್ನಬಸವ ಪಟ್ಟದ್ದೇವರ ನಾಡಿನವನಾಗಿ ನಾನು ಬೇರೆ ಮಾತು ಹೇಳಲಾರೆ. ಆದರೆ ಬುಡದಲ್ಲಿ ಬೇರುಗಳು ಹೆಣೆದುಕೊಂಡಿದ್ದವು. ದೇವಣಿ ಎತ್ತು ನಮ್ಮ ಹೊಲದಲ್ಲಿ, ದೇವಣಿ ಊರು ಅವರ ರಾಜ್ಯದಲ್ಲಿ. ಅವ್ವ ಇಲ್ಲಿ, ಅವರ ತೌರು ಅಲ್ಲಿ. ಮಾವನ ಮಕ್ಕಳು ಮರಾಠಿಯಲ್ಲಿ ಓದಿದರು, ನಾವು ಕನ್ನಡದಲ್ಲಿ; ಮದುವೆಗಳಲ್ಲಿ ಕೂಡಿದಾಗ ಮಾತು ಎರಡರ ನಡುವೆ ಎಲ್ಲೋ ನಡೆಯುತ್ತಿತ್ತು. ಮುಂದಿನ ತಲೆಮಾರಿಗೆ ಆ ಕೂಡುವಿಕೆಯೂ ಕಡಿಮೆಯಾಯಿತು.

ಬೇವಿನ ಮರದ ಆ ವಂದಾ ಈಗಿಲ್ಲ. ರಸ್ತೆ ಅಗಲವಾದಾಗ ಮರ ಹೋಯಿತು, ಆ ದಿನ ನಾನು ಊರಲ್ಲಿರಲಿಲ್ಲ. ಇನ್ನೊಂದು ತುಂಡನ್ನು ಮೊದಲೇ ಬೇರೆ ಕಡೆ ಕಟ್ಟಿಡಬೇಕೆಂಬ ಬುದ್ಧಿ ಮೂವತ್ತು ವರ್ಷ ಹೊಳೆಯಲಿಲ್ಲ. ತಪ್ಪು ನನ್ನದೇ.

ಇನ್ನು ನಮ್ಮ ಮನೆಯ ಕುಂಡ. 2003ರ ಜನವರಿಯಲ್ಲಿ ಬೆಂಗಳೂರಿಗೆ ಹೋದಾಗ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದಲ್ಲಿ ನನ್ನ ಶ್ರೀಮತಿ ಒಂದು ನೇರಳೆ ಬಣ್ಣದ ಡೆಂಡ್ರೋಬಿಯಂ ಗಿಡವನ್ನು ಕೊಂಡರು. ರಾತ್ರಿಯ ಬಸ್ಸಿನಲ್ಲಿ ಬೀದರದವರೆಗೂ ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದರು. ಮರುವರ್ಷ ಜನವರಿಯಲ್ಲಿ ಹೂವು ಮುಗಿದ ಕೂಡಲೆ ನಾನು ಇಂಗ್ಲಿಷ್ ಪುಸ್ತಕವೊಂದನ್ನು ಮುಂದಿಟ್ಟುಕೊಂಡು ಗಿಡವನ್ನು ನಾಲ್ಕು ತುಂಡು ಮಾಡಿದೆ, ತುಂಡಿಗೊಂದೇ ಕೋಲು. ಚಳಿಗಾಲ, ಹೊಸ ಬೇರಿಲ್ಲ, ಮೇಲೆ ದಿನಾ ನೀರು. ಮೂರು ಸತ್ತವು. "ಪುಸ್ತಕದಾಗ ಬೀದರದ ಹವಾ ಬರದಿರ್ತಾರೇನ್ರಿ?" ಎಂದು ಅವರು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಲಿಂಡ್ಲಿ ಮಹಾಶಯರಿಗೂ ಇದೇ ಪ್ರಶ್ನೆಯನ್ನು ಯಾರಾದರೂ ಕೇಳಬೇಕಾಗಿತ್ತು. ಉಳಿದ ಒಂದು ತುಂಡನ್ನು ಅವರು ನನ್ನ ಕೈಯಿಂದ ತೆಗೆದುಕೊಂಡರು. ಆಮೇಲೆ ಹನ್ನೆರಡು ವರ್ಷ ನಾನು ಅದನ್ನು ಮುಟ್ಟಲಿಲ್ಲ.

ಅವರು ಕಲಿತದ್ದನ್ನು, ನಾನು ನೋಡಿ ಕಲಿತದ್ದನ್ನು ಬರೆಯುತ್ತೇನೆ. ಹೂವು ಉದುರಿದ ಮೇಲೆ ಒಣಗಿದ ಹೂದಂಟನ್ನು ಮಾತ್ರ ಕತ್ತರಿಸಬೇಕು. ಕೋಲು ಹಸಿರಾಗಿ ಗಟ್ಟಿಯಾಗಿದ್ದರೆ, ಎಲೆ ಉದುರಿದ್ದರೂ, ಅದನ್ನು ಕೀಳಬಾರದು. ಗಿಡದ ಬುತ್ತಿ ಅದರೊಳಗಿದೆ, ಕೆಲವೊಮ್ಮೆ ಅದೇ ಕೋಲು ಮತ್ತೆ ಹೂ ಬಿಡುತ್ತದೆ, ಇಲ್ಲವೆ ಗಿಣ್ಣಿನಲ್ಲಿ ಮರಿ ಹಾಕುತ್ತದೆ. ಮರಿಗೆ ಎರಡು ಅಂಗುಲದ ಬೇರು ಬಂದ ಮೇಲೆ ಬಿಡಿಸಿ ನೆಡಬಹುದು. ಚಳಿಗಾಲದಲ್ಲಿ ನೀರು ಕಡಿಮೆ ಮಾಡಬೇಕು. ಪಾಲು ಮಾಡುವ ಕಾಲ ಹೂವು ಉದುರಿದ ದಿನವಲ್ಲ. ಬುಡದಲ್ಲಿ ಹೊಸ ಚಿಗುರು ಎದ್ದು, ಅದರ ಬೇರು ಇಣುಕುವ ಹೊತ್ತು. ನಮ್ಮಲ್ಲಿ ಅದು ಮಿರಗ ಮಳೆ ಬಿದ್ದ ಮೇಲೆ, ಜೂನ್ ತಿಂಗಳಲ್ಲಿ. ಏಪ್ರಿಲ್, ಮೇ ತಿಂಗಳ ಬಿಸಿಗಾಳಿಯಲ್ಲಿ ಕೊಯ್ದ ಗಾಯ ಗಿಡವನ್ನು ಒಣಗಿಸಿಬಿಡುತ್ತದೆ.

ಹಿಂದಿನ ದಿನ ಕುಂಡವನ್ನು ಚೆನ್ನಾಗಿ ನೆನೆಸಿದರೆ ಬೇರುಗಳು ಮೆತ್ತಗಾಗಿ ಬಿಡಿಸಲು ಸುಲಭ. ಚಾಕುವನ್ನು ಬೆಂಕಿಯಲ್ಲಿ ಹಿಡಿದು ಆರಿಸಿ, ಪ್ರತಿ ಪಾಲಿಗೆ ಕಡಿಮೆಯೆಂದರೆ ಮೂರು ನಾಲ್ಕು ಕೋಲುಗಳಿರುವಂತೆ, ಅವುಗಳಲ್ಲಿ ಒಂದು ಹೊಸದಿರುವಂತೆ ಕೊಯ್ಯಬೇಕು. ಕಪ್ಪಾಗಿ ಕೊಳೆತ ಬೇರುಗಳನ್ನು ತೆಗೆದು, ಕೊಯ್ದ ಜಾಗಕ್ಕೆ ದಾಲ್ಚಿನ್ನಿ ಪುಡಿ ಒತ್ತಬೇಕು. ಅವರು ಅರಿಶಿನವನ್ನೇ ಹಚ್ಚುತ್ತಿದ್ದರು. ಬೇರಿಗೆ ಮಾತ್ರ ದಾಲ್ಚಿನ್ನಿ ತಾಗಬಾರದು, ಒಣಗಿಸುತ್ತದೆ. ಮಣ್ಣು ಬೇಡವೇ ಬೇಡ. ಇದ್ದಿಲು, ತೆಂಗಿನ ಸಿಪ್ಪೆಯ ತುಂಡು, ಇಟ್ಟಿಗೆಯ ಚೂರು ಸಾಕು. ನಮ್ಮ ಮನೆಯವರು ಇಟ್ಟಿಗೆಯ ಬದಲು ನಮ್ಮೂರಿನ ಜಂಬಿಟ್ಟಿಗೆ ಕಲ್ಲಿನ ಚೂರುಗಳನ್ನು ಹಾಕಿದರು. ಬಹಮನಿಯವರ ಕೋಟೆಯ ಕಂದಕವನ್ನು ತೋಡಿದ್ದು, ನೌಬಾದಿನ ನೆಲದೊಳಗಿನ ಕರೇಜ್ ಕಾಲುವೆಯನ್ನು ಕೊರೆದದ್ದು ಇದೇ ಕಲ್ಲಿನಲ್ಲಿ. ರಂಧ್ರಗಳಿಂದ ತುಂಬಿದ ಈ ಕಲ್ಲು ನೀರನ್ನು ಸ್ವಲ್ಪ ಹಿಡಿಯುತ್ತದೆ, ಹೆಚ್ಚಾದದ್ದನ್ನು ಬಿಟ್ಟುಕೊಡುತ್ತದೆ. ಆರ್ಕಿಡ್‌ಗೆ ಇದಕ್ಕಿಂತ ಒಳ್ಳೆಯ ಆಸನ ನಾನು ಕಂಡಿಲ್ಲ. ಹಳೆಯ ಕೋಲು ಕುಂಡದ ಅಂಚಿಗೆ, ಹೊಸ ಚಿಗುರು ನಡುವಿಗೆ ಮುಖ ಮಾಡಿರಲಿ. ಅದು ಬೆಳೆಯುವುದು ಆ ದಿಕ್ಕಿಗೆ. ಕುಂಡ ಸಣ್ಣದಿರಲಿ. ಗಿಡ ಅಲುಗಾಡದಂತೆ ಕಡ್ಡಿಗೆ ಕಟ್ಟಬೇಕು. ಅಲುಗಿದರೆ ಎಳೆ ಬೇರಿನ ತುದಿ ಮುರಿಯುತ್ತದೆ. ನಾಲ್ಕೈದು ದಿನ ನೀರು ಹಾಕದೆ, ಎಲೆಗಳಿಗೆ ಮಾತ್ರ ಸಿಂಪಡಿಸಿ, ನೆರಳಿನಲ್ಲಿ ಗಾಳಿಯಾಡುವಲ್ಲಿ ಇಡಬೇಕು. ಕೊಳವೆಬಾವಿಯ ಗಡಸು ನೀರಿಗಿಂತ ಹಿಡಿದಿಟ್ಟ ಮಳೆಯ ನೀರು ಉತ್ತಮ.

2016ರಲ್ಲಿ ಅವರು ತೀರಿಕೊಂಡರು. ಮಕ್ಕಳು ಒಬ್ಬೊಬ್ಬರಾಗಿ ಕುಂಡದಲ್ಲಿ ಪಾಲು ಕೇಳಿದರು. ಹಿರಿಯ ಮಗಳು ಭಾಲ್ಕಿಯಲ್ಲಿ, ಮಗ ಪುಣೆಯಲ್ಲಿ. ಆಭರಣ, ಪಾತ್ರೆ, ಸೀರೆ ಎಲ್ಲವನ್ನೂ ಒಂದೇ ಮಧ್ಯಾಹ್ನ ಹಂಚಿದವನಿಗೆ ಇದೊಂದನ್ನು ಕೊಯ್ಯಲು ಕೈ ಬರಲಿಲ್ಲ. 2004ರ ಮೂರು ಸಾವುಗಳು ನೆನಪಿದ್ದವು. ಈ ಸಲ ಸತ್ತರೆ ಮತ್ತೆ ಬೆಳೆಸಲು ಅವರಿಲ್ಲ. ಹೀಗೆ ವರ್ಷಗಳು ಕಳೆದವು. ಬೇರುಗಳು ಒತ್ತಿ ಕುಂಡ ಸೀಳಿತು. ಇದ್ದಿಲು ಪುಡಿಯಾಗಿ ನಡುವೆ ಕೆಸರು ನಿಂತು ಹಳೆಯ ಕೋಲುಗಳು ಕೊಳೆಯತೊಡಗಿದವು. ಒಂದು ವರ್ಷ ಎರಡೇ ದಂಟು ಹೂವು, ಮರುವರ್ಷ ಒಂದೂ ಇಲ್ಲ. ಮಗಳು ಬಂದು ನೋಡಿ, "ಅಪ್ಪಾಜಿ, ಅವ್ವ ಇದ್ದ್ರ ಇಷ್ಟು ದಿನ ಬಿಡ್ತಿದ್ಲೇನು?" ಎಂದಳು.

ಕಳೆದ ವರ್ಷ ಜೂನ್ ತಿಂಗಳ ಎರಡನೆಯ ವಾರ, ಮಳೆ ಬಿದ್ದ ಮೂರನೆಯ ದಿನ, ಕುಂಡವನ್ನು ಸುತ್ತಿಗೆಯಿಂದ ಒಡೆದೆವು. ಹತ್ತೊಂಬತ್ತು ಕೋಲುಗಳಿದ್ದವು, ಐದು ಕೊಳೆತಿದ್ದವು. ಉಳಿದವು ನಾಲ್ಕು ಪಾಲಾದವು. ಕೊಯ್ದವಳು ಮಗಳು, ನಾನು ದೀಪ ಹಿಡಿದಂತೆ ಅರಿಶಿನದ ಬಟ್ಟಲು ಹಿಡಿದು ಕುಳಿತಿದ್ದೆ. ಒಂದು ಪಾಲು ನಮ್ಮ ಮನೆಯಲ್ಲಿ ಉಳಿಯಿತು. ಭಾಲ್ಕಿಗೆ ಹೋದದ್ದನ್ನು ಮಗಳು ಕೆಲವು ತಿಂಗಳಲ್ಲೇ, ತನ್ನದೇ ಶಾಲೆಯ ಸಹೋದ್ಯೋಗಿಯಾದ ನನ್ನ ವಿದ್ಯಾರ್ಥಿನಿಗೆ ಒಂದು ಮರಿ ಬಿಡಿಸಿ ಕೊಟ್ಟಳು. ಮೇಲೆ ಹೇಳಿದ ದೂರವಾಣಿ ಕರೆ ಮಗಳ ಮಾತಿನ ಮೇರೆಗೆ ಬಂದದ್ದು, ಹೂ ಬಿಟ್ಟದ್ದು ತಾಯಿಗಿಡ, ಈಗ ಬೇಸಿಗೆಯ ರಜೆಗೆ ಅದೂ ಅವಳ ಮನೆಯಲ್ಲಿದೆ. ಪುಣೆಯದು ಆರನೆಯ ಮಹಡಿಯ ಬಾಲ್ಕನಿಯಲ್ಲಿ ಬದುಕಲಿಲ್ಲ. ಮಗ ಅದನ್ನು ಎರಡು ತಿಂಗಳು ಹೇಳದೆ ಮುಚ್ಚಿಟ್ಟಿದ್ದ.

ನಾಲ್ಕನೆಯದನ್ನು ಔರಾದ ತಾಲ್ಲೂಕಿನ ನಮ್ಮ ಹಳ್ಳಿಗೆ ಒಯ್ದೆ. ಹಳೆಯ ಬಾವಿಯ ಬಳಿ ತಮ್ಮನ ಮಗ ನೆಟ್ಟ ಮಾವು ಈಗ ದೊಡ್ಡದಾಗಿದೆ. ಕವಲಿನಲ್ಲಿ ತೆಂಗಿನ ನಾರು ಇಟ್ಟು ಕಟ್ಟಿ ಬಂದೆ. ದೀಪಾವಳಿಗೆ ಹೋದಾಗ ಎರಡು ಬೇರುಗಳು ನಾರನ್ನು ದಾಟಿ ತೊಗಟೆಗೆ ಅಂಟಿದ್ದವು. ಕುಡುಗೋಲು ಹಿಡಿದು ಬರುವ ಆಳಿಗೆ ತಮ್ಮನ ಮಗ ಹೇಳಿಟ್ಟಿದ್ದಾನೆ. ನಾನೂ ಬೇರೆಯಾಗಿ ಹೇಳಿ ಬಂದಿದ್ದೇನೆ. ನಿಮ್ಮ ನಿಮ್ಮ ಊರುಗಳ ಹಳೆಯ ಮಾವು, ಹುಣಸೆ, ಬೇವಿನ ಮರಗಳಲ್ಲಿ ಜಾಲಿಯ ಗೆರೆಗಳಿರುವ ಆ ಹಸಿರು ಹೂವಿನ ವಂದಾ ಎಲ್ಲಿಯಾದರೂ ಉಳಿದಿದ್ದರೆ, ಕೀಳದೆ, ನನಗೆ ಒಂದು ಮಾತು ತಿಳಿಸಿರಿ. ಬಸ್ಸು ಹೋಗುವ ಊರಾದರೆ ನಾನೇ ಬಂದು ನೋಡುತ್ತೇನೆ.